ಕಾರ್ಮಿಕ ಸಚಿವರೇ, ಕಾಂಟ್ರಾಕ್ಟ್ ಹುಡುಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ನರಸಾಪುರ, ಡಿಸೆಂಬರ್ 2019

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಬೈಕ್, ಸ್ಕೂಟರ್‌ಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಘಟಕದಲ್ಲಿ ನಾನು ಲೈನ್ ಸೂಪರ್‌ವೈಸರ್. ಕಂಪನಿ ಹೆಸರು ಬೇಡ, ಇದು ಒಂದೇ ಕಂಪನಿಯ ಕಥೆಯಲ್ಲ. ನಮ್ಮಲ್ಲಿ ಮೂರು ಶಿಫ್ಟ್ ಇದ್ದದ್ದು ಎರಡಾಗಿದೆ, ಓಟಿ (ಹೆಚ್ಚುವರಿ ಗಂಟೆಯ ಕೆಲಸ) ನಿಂತು ತಿಂಗಳುಗಳೇ ಆದವು, ಕಾಂಟ್ರಾಕ್ಟ್ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೋಗಿಬಿಟ್ಟಿದ್ದಾರೆ. ಅವರನ್ನು ಕೆಲಸದಿಂದ ತೆಗೆದಿದ್ದಾರೆ ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಸಂಜೆ ಶಿಫ್ಟ್ ಮುಗಿಯುವಾಗ ಗುತ್ತಿಗೆದಾರನ ಕಡೆಯವರು ಗೇಟ್ ಪಾಸ್ ವಾಪಸ್ ತೆಗೆದುಕೊಂಡು, ಆರ್ಡರ್ ಶೆಡ್ಯೂಲ್ ಬಂದ ಮೇಲೆ ಫೋನ್ ಮಾಡ್ತೀವಿ ಅನ್ನುತ್ತಾರೆ, ಅಷ್ಟೇ. ಕೆಲವರಿಂದ 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಬರೆಸಿಕೊಂಡಿದ್ದಾರೆ. ಬಾಕಿ ಸಂಬಳ ಸಿಗಲಿ ಅಂತ ಹುಡುಗರು ಸಹಿ ಹಾಕಿದ್ದಾರೆ.

ಬೈಕ್ ಮಾರಾಟ ಬಿದ್ದಿರುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಳೆದ ಆರ್ಥಿಕ ವರ್ಷ ದೇಶದಲ್ಲಿ 2 ಕೋಟಿ 11 ಲಕ್ಷಕ್ಕೂ ಹೆಚ್ಚು ದ್ವಿಚಕ್ರ ವಾಹನ ಮಾರಾಟವಾಗಿತ್ತು. ಈ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು ಶೇ 16 ಇಳಿದಿದೆ. ಕಾರಣಗಳೂ ಗೊತ್ತಿರುವವೇ. ಕಳೆದ ವರ್ಷ ಐಎಲ್ ಆ್ಯಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಕಂಪನಿ ಕುಸಿದ ಮೇಲೆ ಫೈನಾನ್ಸ್ ಕಂಪನಿಗಳು ಸಾಲದ ಕೈ ಬಿಗಿ ಮಾಡಿದವು, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕಾಯಿತು, ಹಳ್ಳಿಯಲ್ಲಿ ಜನರ ಕೈಯಲ್ಲಿ ದುಡ್ಡಿಲ್ಲ. ಸೆಪ್ಟೆಂಬರ್ 20ರಂದು ಗೋವಾದಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ 22ಕ್ಕೆ ಇಳಿಸುವ ಘೋಷಣೆ ಆಯಿತು. ಅದೇ ದಿನ, ಅದೇ ಊರಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಬೈಕ್ ಮೇಲಿನ ಶೇ 28 ತೆರಿಗೆಯನ್ನು ಮುಟ್ಟಲಿಲ್ಲ. ಅದು ನಿಮ್ಮ ಕೈಯಲ್ಲಿರುವ ವಿಷಯ ಅಲ್ಲ, ಒಪ್ಪುತ್ತೇನೆ. ನಿಮ್ಮ ಇಲಾಖೆಯ ಕೈಯಲ್ಲಿರುವುದನ್ನು ಮಾತ್ರ ಕೇಳುತ್ತೇನೆ.

ಮೊದಲು ಎಷ್ಟು ಜನ ಕೆಲಸ ಕಳೆದುಕೊಂಡರು ಅಂತ ಎಣಿಸಿ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಪ್ರಕಾರ ಕಾರ್ಖಾನೆ ನೋಂದಣಿ ಮಾಡಿಸಬೇಕು, ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಇಬ್ಬರೂ ಎಷ್ಟು ಜನ ಅಂತ ಬರೆದುಕೊಡಬೇಕು. ಅಂದರೆ ಈ ಲೆಕ್ಕ ನಿಮ್ಮ ಕಚೇರಿಗಳಲ್ಲೇ ಇರಬೇಕು, ಅಲ್ವಾ? ನರಸಾಪುರ, ವೇಮಗಲ್, ಪೀಣ್ಯ, ಬೊಮ್ಮಸಂದ್ರ, ಮೈಸೂರು ಭಾಗದ ಕಡತಗಳನ್ನು ಈಗಿನ ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಿದರೆ ಎಷ್ಟು ಜನ ಹೋದರು ಅಂತ ತಿಳಿಯುತ್ತದೆ. ದೊಡ್ಡ ಕಂಪನಿಗಳಿಗಿಂತ ಅವುಗಳಿಗೆ ಬಿಡಿಭಾಗ ಕೊಡುವ ವೆಂಡರ್‌ಗಳ ಕಡೆ ಮೊದಲು ನೋಡಿ, ಜಾಸ್ತಿ ಜನ ಹೋಗಿರುವುದು ಅಲ್ಲಿಂದ.

ಎಣಿಸಿದ ಮೇಲೆ ಅವರಿಗೆ ಬರಬೇಕಾದ್ದನ್ನು ಕೊಡಿಸಿ. ವರ್ಷದಲ್ಲಿ 240 ದಿನ ದುಡಿದವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು ಅಂತ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತದೆ. ಗುತ್ತಿಗೆದಾರ ಸಂಬಳ ಬಾಕಿ ಇಟ್ಟರೆ ಕಾರ್ಖಾನೆಯೇ ಕೊಡಬೇಕು. ಬಲವಂತವಾಗಿ ಬರೆಸಿಕೊಂಡ ರಾಜೀನಾಮೆಗಳನ್ನು ನಿಮ್ಮ ಅಧಿಕಾರಿಗಳು ಒಪ್ಪಬಾರದು. ಇಎಸ್‌ಐನಲ್ಲಿ (ಕಾರ್ಮಿಕರ ರಾಜ್ಯ ವಿಮೆ) ಕೆಲಸ ಹೋದವರಿಗೆ 90 ದಿನದವರೆಗೆ ಸಂಬಳದ ಕಾಲು ಭಾಗ ಕೊಡುವ ಯೋಜನೆ ಕಳೆದ ವರ್ಷ ಬಂದಿದೆ, ಆದರೆ ಅದಕ್ಕೆ ಎರಡು ವರ್ಷದ ವಂತಿಗೆ ತೋರಿಸಬೇಕು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಇಎಸ್‌ಐ ನಂಬರ್ ಮಾಡಿಸಿಕೊಂಡ ಹುಡುಗ ಅದನ್ನು ಹೇಗೆ ತೋರಿಸುತ್ತಾನೆ? ಹಳೆಯ ನಂಬರ್‌ಗಳನ್ನೆಲ್ಲ ಒಂದು ಮಾಡಿಸಲು ಇಲ್ಲೇ ಒಂದು ಶಿಬಿರ ನಡೆಸಿ ಸರ್.

ಮಾರುಕಟ್ಟೆ ಚೇತರಿಸಿಕೊಂಡಾಗ ಇದೇ ಹುಡುಗರನ್ನು ಮೊದಲು ಕರೆಯಬೇಕು. ಕೈಗಾರಿಕಾ ವಿವಾದ ಕಾಯ್ದೆಯ 25-ಎಚ್ ಕಲಂ ಈ ಹಕ್ಕು ಕೊಟ್ಟಿದೆ, ಆದರೆ ದಾಖಲೆಯಲ್ಲಿ 'ತಾನೇ ಬಿಟ್ಟು ಹೋದ' ಅಂತ ಇರುವವನಿಗೆ ಅದು ಸಿಗುವುದಿಲ್ಲ. ನನ್ನ ಲೈನಿನಲ್ಲಿದ್ದ ಬಾಗಲಕೋಟೆ ಕಡೆಯ ಹುಡುಗನೊಬ್ಬ ಕೈ ಇಟ್ಟ ಮಷೀನಿನಲ್ಲಿ ರಿಜೆಕ್ಷನ್ ಬಂದದ್ದೇ ಅಪರೂಪ. ಆಗಸ್ಟ್‌ನ ಪ್ರವಾಹದಲ್ಲಿ ಅವನ ಮನೆಯವರು ಬೆಳೆ ಕಳೆದುಕೊಂಡರು, ಅವನ ಸಂಬಳವೇ ಆಧಾರವಾಗಿತ್ತು, ಈಗ ಅದೂ ಇಲ್ಲ. ನಾಳೆ ಆರ್ಡರ್ ಬಂದರೆ ಅವನ ಜಾಗಕ್ಕೆ ಹೊಸ ಟ್ರೈನಿ ಬರುತ್ತಾನೆ, ಇನ್ನೂ ಕಡಿಮೆ ಸಂಬಳಕ್ಕೆ.

ಹೋದ ತಿಂಗಳು ಹರಿಯಾಣದ ಮಾನೇಸರ್‌ನ ಹೋಂಡಾ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ಕೈಬಿಟ್ಟಾಗ ಅವರು ಪ್ರತಿಭಟಿಸಿದರು, ಉತ್ಪಾದನೆಯೇ ನಿಂತಿತು, ದೇಶಕ್ಕೆಲ್ಲ ಗೊತ್ತಾಯಿತು. ನಮ್ಮ ಹುಡುಗರು ಪ್ರತಿಭಟನೆ ಮಾಡಲಿಲ್ಲ. ರೂಮ್ ಬಾಡಿಗೆ ಕಟ್ಟಲಾಗದೆ ಸುಮ್ನೆ ಬಸ್ ಹತ್ತಿ ಊರಿಗೆ ಹೋದರು. ಗಲಾಟೆ ಇಲ್ಲ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂದುಕೊಳ್ಳಬೇಡಿ.

ಏಪ್ರಿಲ್ 1ರಿಂದ ವಾಹನದ ಹೊಗೆಗೆ ಹೊಸ ಮಿತಿ ಹಾಕುವ ಬಿಎಸ್-6 ನಿಯಮ ಬರುತ್ತಿದೆ. ಹಳೆಯ ಸ್ಟಾಕ್ ಖಾಲಿ ಮಾಡಲು ಅದಕ್ಕೂ ಮುಂಚೆಯೇ ಉತ್ಪಾದನೆ ಇನ್ನಷ್ಟು ಇಳಿಯುತ್ತದೆ, ಇನ್ನಷ್ಟು ಗೇಟ್ ಪಾಸ್ ವಾಪಸ್ ಹೋಗುತ್ತವೆ. ಅದಕ್ಕೇ ಈ ಎಣಿಕೆ ಜನವರಿಯಲ್ಲೇ ಆಗಬೇಕು. ನಿಮ್ಮ ಅಧಿಕಾರಿಗಳು ಒಂದು ಭಾನುವಾರ ನರಸಾಪುರಕ್ಕೆ ಬಂದು ಕೂತರೆ, ಇಲ್ಲಿ ಉಳಿದಿರುವ ಹುಡುಗರನ್ನು ಅವರ ಪಿಎಫ್, ಇಎಸ್‌ಐ ಕಾಗದಗಳ ಜೊತೆ ನಾವೇ ಕರೆದುಕೊಂಡು ಬರುತ್ತೇವೆ.

ಇಂತಿ,
ನರಸಾಪುರದ ಒಬ್ಬ ಕಾರ್ಮಿಕ