ಗೋಕುಲ ರೋಡಿನ ನಮ್ಮ ಮನೆಗೆ ಬಂದಿದ್ದ ಏಸಿ ಅಣ್ಣನಿಗೆ

ಏಪ್ರಿಲ್‌ನ ಹುಬ್ಬಳ್ಳಿ ಬಿಸಿಲು ಗೊತ್ತಲ್ವಾ. ಆಪರೇಷನ್ ಆಗಿ ಮಲಗಿದ್ದ ಅವ್ವನ ಕೋಣೆಯ ಏಸಿಯಿಂದ ಬರೀ ಫ್ಯಾನ್ ಗಾಳಿ. ಮೊದಲು ಬಂದವರು ಏನೂ ಬಿಚ್ಚಿ ನೋಡದೆ ಗ್ಯಾಸ್ ತುಂಬಿಸಬೇಕು ಅಂದು ಹೋಗಿದ್ದರು.

ನೀವು ಪಕ್ಕದ ಮನೆ ಕೆಲಸ ಮುಗಿಸಿ ಹೊರಟವರು, ಕರೆದ ಕೂಡಲೇ ಬಂದಿರಿ. ಕಾದ ಟೆರೇಸಿನ ಮೇಲೆ ಗೋಣಿಚೀಲ ಹಾಸಿ ಕೂತು ಔಟ್‌ಡೋರ್ ಯೂನಿಟ್ ಬಿಚ್ಚಿದಿರಿ. "ಗ್ಯಾಸ್ ಬರೋಬ್ಬರಿ ಐತ್ರಿ. ಕೆಪಾಸಿಟರ್ ಉಬ್ಬೇತಿ ನೋಡ್ರಿ, ಅದಕ್ಕ ಕಂಪ್ರೆಸರ್ ಚಾಲೂ ಆಗವಲ್ದು" ಅಂತ ಹಳೇದನ್ನು ನನ್ನ ಕೈಗೇ ಕೊಟ್ಟಿರಿ. ಹೇಳದಿದ್ದರೂ ಫಿಲ್ಟರ್ ತೊಳೆದಿರಿ. "ಅವ್ವಾರಿಗೆ ಗಾಳಿ ನೇರ ಬಡೀಬಾರ್ದು" ಎಂದು ಗಾಳಿಯನ್ನು ಮೇಲಕ್ಕೆ ತಿರುಗಿಸಿ, 26ಕ್ಕೆ ಇಟ್ಟಿರಿ. ಅವ್ವನಿಗೆ ನಿದ್ದೆ ಹತ್ತಿತು, ನನಗೆ ಜೀವ ಬಂತು.

ಹೆಸರು ಕೇಳುವಷ್ಟರಲ್ಲಿ ಬೈಕ್ ಹತ್ತಿದ್ದಿರಿ. ಈ ಕಡೆ ಬಂದರೆ ಗಿರ್ಮಿಟ್ ತಿಂದು, ಮಜ್ಜಿಗೆ ಕುಡಿದೇ ಹೋಗಬೇಕ್ರಿ.