ಕಾಗದದ ಚೀಲ ನಿನ್ನ ಕೈಯಲ್ಲೇ ಇರಲಿ

ಕಲಬುರಗಿ
ಅಕ್ಟೋಬರ್ 2025

ಮುದ್ದಿನ ಮಗಳಿಗೆ,

ನೀನು ಒಳಗೆ ಮಲಗಿದ್ದೀಯ. ನಾನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗಿನ ಜಾವ 4 ಗಂಟೆಗೆ ಕಾರು ಬರುತ್ತದೆ. ಹುಮನಾಬಾದ್ ಮೇಲೆ ಹೈದರಾಬಾದ್, ಅಲ್ಲಿಂದ ನೀನು ಬ್ರಿಟನ್ನಿನ ಮ್ಯಾಂಚೆಸ್ಟರ್‌ಗೆ, ಗಂಡನ ಹತ್ತಿರ. ಏರ್‌ಪೋರ್ಟ್ ಬಾಗಿಲಲ್ಲಿ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಮದುವೆ ಮಂಟಪದಲ್ಲೇ ಹೊರಡಲಿಲ್ಲ, ನಿನಗೆ ನೆನಪಿರಬೇಕು. ಅದಕ್ಕೇ ಈ ಪತ್ರ.

ಮೇಜಿನ ಮೇಲೆ ಒಂದು ಚೀಲ ಇದೆ. ನನ್ನ ಹಳೇ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹೊಲಿದದ್ದು. ಒಳಗೆ ಎರಡು ಪದರ, ಮೇಲೆ ಜಿಪ್. ಎ4 ಹಾಳೆ ಮಡಚದೆ ಹಿಡಿಸುವಷ್ಟು ಅಗಲ ಇಟ್ಟಿದ್ದೇನೆ. ನಿನ್ನ ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು, ಹತ್ತನೇ ತರಗತಿಯಿಂದ ಎಂ.ಎಸ್ಸಿ.ವರೆಗಿನ ಮಾರ್ಕ್ಸ್ ಕಾರ್ಡು, ಟಿ.ಬಿ. ಟೆಸ್ಟಿನ ಕಾಗದ ಎಲ್ಲ ಅದರಲ್ಲಿವೆ. ಈ ಚೀಲವನ್ನು ಯಾರ ಕೈಗೂ ಕೊಡಬೇಡ. ಅಳಿಯನ ಕೈಗೂ ಬೇಡ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ವಿಮಾನದಲ್ಲಿ ಕೂತು ಓದು.

ನಾನು ಶಹಾಪುರ ತಾಲೂಕಿನ ಹಳ್ಳಿಗೆ ಸೊಸೆಯಾಗಿ ಹೋದಾಗ ನನ್ನ ಟಿ.ಸಿ.ಎಚ್., ಶಿಕ್ಷಕರ ತರಬೇತಿ, ಮುಗಿದಿತ್ತು. ತವರಿನಿಂದ ತಂದ ಸರ್ಟಿಫಿಕೇಟುಗಳನ್ನು ನನ್ನ ಅತ್ತೆ, ಅಂದರೆ ನಿನ್ನ ಆಯಿ, ತಮ್ಮ ಕಬ್ಬಿಣದ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಬಂಗಾರದ ಜೊತೆಗೇ ಇಟ್ಟರು. ಜೋಪಾನ ಇರಲಿ ಅಂತ ಇಟ್ಟದ್ದು, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೂ ಸುಮ್ನೆ ಕೊಟ್ಟೆ. ಎರಡು ವರ್ಷ ಕಳೆದ ಮೇಲೆ ಶಿಕ್ಷಕರ ಕೆಲಸಕ್ಕೆ ಕರೆಪತ್ರ ಬಂತು. ಅದು ನಮ್ಮ ಹಳ್ಳಿ ಮುಟ್ಟುವಾಗಲೇ ತಡವಾಗಿತ್ತು. ಮರುದಿನವೇ ಅಸಲು ದಾಖಲೆ ಹಿಡಿದು ಗುಲ್ಬರ್ಗಾಕ್ಕೆ ಹೋಗಬೇಕಿತ್ತು. ಆಯಿ ಗಾಣಗಾಪುರಕ್ಕೆ ಹೋಗಿದ್ದರು. ಕೀಲಿಕೈ ಅವರ ಎಲೆ-ಅಡಿಕೆ ಚಂಚಿಯಲ್ಲಿ, ಚಂಚಿ ಅವರ ಸೊಂಟದಲ್ಲಿ.

ಕೀಲಿ ಮುರಿಯೋಣ ಅಂದೆ. “ಅವ್ವ ಬರ್ಲಿ, ಬಂಗಾರ ಅದ ಒಳಗ” ಅಂದರು ನಿನ್ನ ಕಾಕಾ. ನಿಮ್ಮ ಅಪ್ಪ ಆಗ ಊರಲ್ಲಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೋಗಿ ಆ ಟ್ರಂಕಿನ ಮೇಲೆ ಕೂತೆ. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ನನ್ನ ಹೆಸರು ಬರೆದ ಕಾಗದ ನನ್ನ ಕೆಳಗೇ ಇತ್ತು, ಮುಟ್ಟಲಿಕ್ಕೆ ಆಗಲಿಲ್ಲ. ಆಯಿ ಬಂದದ್ದು ನಾಲ್ಕು ದಿನ ಬಿಟ್ಟು. ಕೇಳಿದ ಕೂಡಲೇ ಟ್ರಂಕು ತೆಗೆದು ಕೊಟ್ಟರು, ಪಾಪ, ತಾವೂ ಅತ್ತರು. ಆದರೆ ಪಟ್ಟಿ ಮುಗಿದಿತ್ತು. ಮುಂದಿನ ಸಲ ಕೆಲಸ ಸಿಗುವಷ್ಟರಲ್ಲಿ ಮೂರು ವರ್ಷ ಹೋಯಿತು.

ಇದನ್ನು ನಿನಗೆ ಇಷ್ಟು ದಿನ ಹೇಳಿರಲಿಲ್ಲ. ಆಯಿ ಇರುವವರೆಗೆ ಹೇಳಲು ಮನಸ್ಸಾಗಲಿಲ್ಲ.

ಇನ್ನೊಂದು ವಿಷಯ ನನ್ನ ಎದೆಯಲ್ಲಿ ಕೂತಿದೆ. ನಿಮ್ಮ ಮದುವೆ ಆದದ್ದು 2023ರ ಮೇ ತಿಂಗಳಲ್ಲಿ. ಹದಿನೈದು ದಿನ ರಜೆ ಮುಗಿಸಿ ಅಳಿಯ ವಾಪಸ್ ಹೋದರು. ಕೂಡಲೇ ವೀಸಾಕ್ಕೆ ಅರ್ಜಿ ಹಾಕಿ ಕಳಿಸಿಬಿಡಿ ಅಂತ ಬೀಗರು ಅಂದರು. ಎಂ.ಎಸ್ಸಿ. ಮುಗಿಸಿಯೇ ಹೋಗಲಿ ಅಂತ ಹಟ ಹಿಡಿದವಳು ನಾನು. ನೀನು ಯುನಿವರ್ಸಿಟಿ ಬಸ್ಸು ಹತ್ತಿ ಹೋಗುತ್ತಿದ್ದೆ, ಬರುತ್ತಿದ್ದೆ. ಆಗ ಬ್ರಿಟನ್ನಿನಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಗಂಡನಿಗೆ ವರ್ಷಕ್ಕೆ 18,600 ಪೌಂಡ್ ಸಂಬಳ ಇದ್ದರೆ ಸಾಕಿತ್ತು. ಆ ಡಿಸೆಂಬರ್‌ನಲ್ಲಿ ಅದನ್ನು 38,700ಕ್ಕೆ ಏರಿಸುತ್ತಾರೆ ಅಂತ ಸುದ್ದಿ ಬಂತು. ಕೊನೆಗೆ 2024ರ ಏಪ್ರಿಲ್ 11ರಿಂದ 29,000 ಅಂತ ಮಾಡಿದರು. ಅಳಿಯನ ಸಂಬಳ ಅದಕ್ಕಿಂತ ಕಡಿಮೆ ಇತ್ತು. ನಿನ್ನ ಪರೀಕ್ಷೆ ಮುಗಿಯುವ ಹೊತ್ತಿಗೆ ಬಾಗಿಲು ಮುಚ್ಚಿತ್ತು.

ಅವರು ಬೇರೆ ಕೆಲಸ ಹುಡುಕಬೇಕಾಯಿತು. ಸಿಕ್ಕ ಮೇಲೂ ಒಂದೇ ಕಡೆ 6 ತಿಂಗಳು ದುಡಿದ ಪೇ ಸ್ಲಿಪ್ ಬೇಕು, ಸ್ಲಿಪ್ಪಿನಲ್ಲಿದ್ದ ಮೊತ್ತವೇ ಬ್ಯಾಂಕಿನಲ್ಲಿ ಜಮಾ ಆಗಿರಬೇಕು. ಹೀಗೆ ಒಂದು ವರ್ಷದ ಮೇಲೆ ಹೋಯಿತು. ಶರಣಬಸವೇಶ್ವರ ಗುಡಿಗೆ ಹೋದರೆ, ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಯ ತರಲು ಹೋದರೆ, ಕೇಳುವವರೇ ಎಲ್ಲ. “ಇನ್ನಾ ವೀಸಾ ಬಂದಿಲ್ಲೇನ್ರೀ? ಹುಡುಗ ಕರಕೋತಾನಿಲ್ಲೋ?” ಅಂತ. ನೀನು ನಕ್ಕು ಮುಂದೆ ನಡೆಯುತ್ತಿದ್ದೆ. ಮನೆಗೆ ಬಂದು ಚೀಲ ಇಳಿಸಿ ಸೀದಾ ಮಾಳಿಗೆ ಹತ್ತಿ ಹೋಗುತ್ತಿದ್ದೆ. ನಾನು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದೆ, ಹತ್ತಿ ಬರುವ ಧೈರ್ಯ ಆಗುತ್ತಿರಲಿಲ್ಲ. ನಿಮ್ಮಿಬ್ಬರನ್ನು ಇಷ್ಟು ದಿನ ದೂರ ಇಟ್ಟದ್ದರಲ್ಲಿ ನನ್ನ ಪಾಲೂ ಇದೆ. ಅದಕ್ಕೆ ತಪ್ಪಾಯಿತು ಅಂತ ಕೇಳಿಕೊಳ್ಳುತ್ತೇನೆ. ಓದು ಮುಗಿಸು ಅಂದದ್ದಕ್ಕೆ ಮಾತ್ರ ನನಗೆ ಪಶ್ಚಾತ್ತಾಪ ಇಲ್ಲ ಮಗಳೆ. ಎರಡೂ ನಿಜ.

ಆ ಫೈಲು ಮಾಡಿದ ದಿನಗಳು ನನಗೆ ಕಣ್ಣಿಗೆ ಕಟ್ಟಿದ ಹಾಗಿವೆ. ನಿನ್ನ ಜನನ ಪ್ರಮಾಣಪತ್ರದಲ್ಲಿ ಗುಲ್ಬರ್ಗಾ, ಮದುವೆ ಸರ್ಟಿಫಿಕೇಟಿನಲ್ಲಿ ಕಲಬುರಗಿ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಅದು ನಮಗೆ ಗೊತ್ತು, ವೀಸಾ ಕೊಡುವವರಿಗೆ ಹೇಗೆ ಗೊತ್ತಾಗಬೇಕು ಅಂತ ನಿಮ್ಮ ಅಪ್ಪನಿಗೆ ದಿಗಿಲು. ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿಕೊಂಡು ಬಂದರು. ಅದನ್ನು ಯಾರೂ ಕೇಳಲಿಲ್ಲ. ಇರಲಿ, ಅದೂ ಚೀಲದಲ್ಲಿದೆ. ಲಗ್ನಪತ್ರಿಕೆ ಕನ್ನಡದಲ್ಲಿತ್ತು, ಇಂಗ್ಲಿಷಿಗೆ ಅನುವಾದ ಮಾಡಿಸಿ, ಮಾಡಿದವರ ಹೆಸರು, ಸಹಿ, ತಾರೀಖು ಹಾಕಿಸಬೇಕಾಯಿತು.

ನಿಮ್ಮದು ನಿಜವಾದ ಸಂಸಾರ ಅಂತ ತೋರಿಸಲು ವಾಟ್ಸ್ಆ್ಯಪ್ ಮಾತುಕತೆಯ ಹಾಳೆಗಳೂ ಹೋದವು. ನೀನು ಅವನ್ನು ನೆಲದ ಮೇಲೆ ಹರಡಿ ಆರಿಸುತ್ತಿದ್ದೆ. ನಾನು ಕಸ ಹೊಡೆಯಲು ಬಂದವಳು ಬಗ್ಗಿ ನೋಡಿದೆ. ಓದಬಾರದಿತ್ತು, ಓದಿದೆ. “ಊಟ ಆಯ್ತಾ?” ಪ್ರತಿ ಹಾಳೆಯಲ್ಲೂ ಅದೇ. ಇಲ್ಲಿ ರಾತ್ರಿ ಹತ್ತಕ್ಕೆ ನೀನು ಕೇಳಿದ್ದೀಯ, ಅಲ್ಲಿ ಕೆಲಸದ ನಡುವೆ ಅವರು ಉತ್ತರ ಕೊಟ್ಟಿದ್ದಾರೆ. ನಿನಗೆ ಜ್ವರ ಬಂದ ವಾರ ದಿನಕ್ಕೆ ಐದಾರು ಸಲ “ಗುಳಿಗೆ ತಗೊಂಡ್ಯಾ?” ಅಂತ. ನನಗೆ ಅಲ್ಲಿಯವರೆಗೆ ಒಳಗೊಳಗೇ ಒಂದು ಅಳುಕು ಇತ್ತು. ಹದಿನೈದು ದಿನ ನೋಡಿದ ಹುಡುಗ, ಮತ್ತೆ ಎರಡು ಸಲ ಬಂದು ಹೋದ, ಇವರಿಬ್ಬರ ನಡುವೆ ಏನು ಬೆಳೆದೀತು ಅಂತ. ಆ ಹಾಳೆ ನೋಡಿದ ದಿನ ಅಳುಕು ಹೋಯಿತು. ಅಳಿಯನ ಬಗ್ಗೆ ನನಗೆ ಅನುಮಾನ ಇಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವ ಮಾತು ಕೇಳಿ ನೀನು ತಪ್ಪು ತಿಳಿಯಬಾರದು.

ವೀಸಾಕ್ಕೆ ಬೇಕಾದ ಟಿ.ಬಿ. ಟೆಸ್ಟಿಗೆ ಬೆಂಗಳೂರಿಗೆ ಹೋದದ್ದು ಕತ್ತಲಲ್ಲೇ ಎದ್ದು ವಂದೇ ಭಾರತ್ ರೈಲಿನಲ್ಲಿ. ಎದೆಯ ಎಕ್ಸ್‌ರೇಗೆ ನೀನು ಒಳಗೆ ಹೋದಾಗ ನಾನು ನಿನ್ನ ತಾಳಿ, ಬಳೆ ಎಲ್ಲ ಸೆರಗಿನಲ್ಲಿ ಗಂಟು ಹಾಕಿ ಹಿಡಿದು ಕೂತಿದ್ದೆ. ಆ ಕಾಗದ 6 ತಿಂಗಳಷ್ಟೇ ನಡೆಯುತ್ತದೆ ಅಂತ ಗೊತ್ತಾದಾಗಿನಿಂದ ಕ್ಯಾಲೆಂಡರ್ ನೋಡುವುದೇ ಕೆಲಸ ಆಯಿತು. ವೀಸಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಾಡಲು ನಿನ್ನ ಜೊತೆ ಕೂರಿಸಿದ ಆ ಪಂಜಾಬಿ ಹೆಂಗಸು ನಡುಗುತ್ತಿದ್ದಳು, ನೀನೇ ಮೆಲ್ಲಗೆ ಮಾತಿಗೆ ಎಳೆದೆ ಅಂತ ಹೇಳಿದೆಯಲ್ಲ, ಅದು ನನಗೆ ನಿನ್ನ ಮಾರ್ಕ್ಸಿಗಿಂತ ಜಾಸ್ತಿ ಖುಷಿ ಕೊಟ್ಟಿತು.

ಅರ್ಜಿಯ ಫೀ 1,938 ಪೌಂಡ್, ಆರೋಗ್ಯದ ಸರ್ಚಾರ್ಜು 3,105 ಪೌಂಡ್. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 6 ಲಕ್ಷ. ಅರ್ಧ ಅಳಿಯ ಕಟ್ಟಿದರು, ಅರ್ಧ ನಿಮ್ಮ ಅಪ್ಪ ತೊಗರಿ ಮಾರಿದ ದುಡ್ಡು. ಲೆಕ್ಕ ಹೇಳುತ್ತಿರುವುದು ನಿನ್ನ ಮೇಲೆ ಋಣ ಹೊರಿಸಲು ಅಂತ ತಿಳಿಯಬೇಡ. ಅಲ್ಲಿ ಹೋದ ವಾರದಲ್ಲೇ ಹತ್ತಿರದ ಡಾಕ್ಟರ ಹತ್ತಿರ ಹೆಸರು ನೋಂದಾಯಿಸು. ನೋವಾದರೆ ತಡೆದುಕೊಂಡು ಕೂರುವುದು ನಿನಗೆ ಅಭ್ಯಾಸ. ಮೊದಲೇ ದುಡ್ಡು ಕಟ್ಟಿದ್ದೇವೆ, ಧಾರಾಳವಾಗಿ ತೋರಿಸಿಕೋ.

ಈಗ ಆ ಮಾತು. ನಿನ್ನ ವೀಸಾ ನಿಂತಿರುವುದು ಅಳಿಯನ ಮೇಲೆ. ಅವರಿಗೆ ಅಲ್ಲಿ ಕಾಯಂ ಇರುವ ಹಕ್ಕಿದೆ, ಅದರ ಆಸರೆಯಲ್ಲಿ ನಿನಗೆ 33 ತಿಂಗಳು. ಆಮೇಲೆ ಮತ್ತೆ ಅರ್ಜಿ, ಮತ್ತೆ 30 ತಿಂಗಳು. ಈಗಿನ ನಿಯಮದಲ್ಲಿ ಐದು ವರ್ಷ ಆದ ಮೇಲೆ ನೀನೂ ಕಾಯಂ ಆಗಲು ಕೇಳಬಹುದು. ಪ್ರತಿ ಸಲವೂ ಇಬ್ಬರೂ ಒಂದೇ ಮನೆಯಲ್ಲಿ ಇದ್ದೀರಿ ಅಂತ ತೋರಿಸುವ ಕಾಗದ ಬೇಕು. ಅದಕ್ಕೇ ಕರೆಂಟ್ ಬಿಲ್ಲು, ಬ್ಯಾಂಕಿನ ಕಾಗದ, ಮನೆ ಬಾಡಿಗೆ ಕರಾರು, ಎಲ್ಲದರಲ್ಲೂ ನಿನ್ನ ಹೆಸರು ಬರುವ ಹಾಗೆ ಮೊದಲ ತಿಂಗಳಿನಿಂದಲೇ ನೋಡಿಕೋ. ಬಂದದ್ದನ್ನೆಲ್ಲ ಈ ಚೀಲಕ್ಕೆ ಹಾಕುತ್ತಾ ಹೋಗು.

ಅಲ್ಲಿ ಈಗ ವೀಸಾದ ಕಾರ್ಡು ಕೊಡುವುದಿಲ್ಲ, ಎಲ್ಲ ಇ-ವೀಸಾ. ಆನ್‌ಲೈನ್ ಖಾತೆಯಲ್ಲಿ ಇರುತ್ತದೆ. ಆ ಖಾತೆಗೆ ನಿನ್ನ ಇಮೇಲ್, ನಿನ್ನ ಫೋನ್ ನಂಬರ್ ಇರಲಿ. ಪಾಸ್‌ವರ್ಡ್ ನಿನಗೆ ಬಾಯಿಪಾಠ ಇರಲಿ. ಕೆಲಸ ಕೊಡುವವರಿಗೆ ತೋರಿಸುವ ಶೇರ್ ಕೋಡ್ ಅದರಿಂದಲೇ ತೆಗೆಯಬೇಕು. ಅದು ಗಂಡನ ಫೋನಿನಲ್ಲಿದ್ದರೆ, ನನಗೆ ಆ ಕಬ್ಬಿಣದ ಟ್ರಂಕೇ ಕಣ್ಣ ಮುಂದೆ ಬರುತ್ತದೆ. ಪ್ರೀತಿಯಿಂದಲೇ ಇಟ್ಟುಕೊಂಡಿರುತ್ತಾರೆ. ಬೇಕಾದ ದಿನ ಕೀಲಿಕೈ ಗಾಣಗಾಪುರದಲ್ಲಿರುತ್ತದೆ.

ನಿನ್ನ ಹೆಸರಲ್ಲೊಂದು ಬ್ಯಾಂಕ್ ಖಾತೆ ತೆರೆ. ಈ ವೀಸಾದಲ್ಲಿ ನಿನಗೆ ಕೆಲಸ ಮಾಡಲು ಅನುಮತಿ ಇದೆ. ಮೊದಲು ಸಿಕ್ಕದ್ದು ಸಣ್ಣ ಕೆಲಸವಾದರೂ ಸರಿ, ಹಿಡಿ.

ಇನ್ನೊಂದನ್ನು ಬರೆಯಲು ಕೈ ಹಿಂದೇಟು ಹಾಕುತ್ತಿದೆ, ಆದರೂ ಬರೆಯುತ್ತೇನೆ. ಯಾವತ್ತಾದರೂ ಆ ಮನೆಯಲ್ಲಿ ನಿನ್ನ ಮೇಲೆ ಯಾರದಾದರೂ ಕೈ ಎದ್ದರೆ, ಅಲ್ಲಿಯ ಪೊಲೀಸರ ತುರ್ತು ನಂಬರ್ 999ಕ್ಕೆ ಫೋನ್ ಮಾಡು. ಹಿಂಸೆಯಿಂದ ಸಂಬಂಧ ಮುರಿದರೆ ಗಂಡನ ಸಹಿ ಇಲ್ಲದೆಯೂ ಹೆಂಡತಿ ಅಲ್ಲಿ ನೆಲೆಸಲು ಅರ್ಜಿ ಹಾಕುವ ದಾರಿ ಆ ದೇಶದ ಕಾನೂನಿನಲ್ಲಿದೆ. ವೀಸಾ ಹೋದೀತು ಅಂತ ಹೆದರಿ ಸಹಿಸಿಕೊಂಡು ಕೂರಬೇಡ. ನಮ್ಮ ದೇಶದ ಕಾನ್ಸುಲೇಟ್ ಕೂಡ 2025ರ ಮಾರ್ಚ್‌ನಿಂದ ಮ್ಯಾಂಚೆಸ್ಟರ್‌ನಲ್ಲೇ ಇದೆ. ಮತ್ತೆ ಇಲ್ಲಿ ನಿನ್ನ ಕೋಣೆ ಹಾಗೇ ಇರುತ್ತದೆ. ಜನ ಏನಂದಾರು ಅಂತ ಯೋಚಿಸಿ ಬಾಗಿಲ ಹೊರಗೆ ನಿಲ್ಲಬೇಡ, ನಾನು ಯಾರಿಗೆ ಬೇಕಾದರೂ ಉತ್ತರ ಕೊಡುತ್ತೇನೆ. ಈ ಪುಟ ಅಳಿಯ ಓದಿದರೂ ನನಗೆ ಅಡ್ಡಿ ಇಲ್ಲ. ಒಳ್ಳೆಯ ಹುಡುಗ, ಅರ್ಥ ಮಾಡಿಕೊಳ್ಳುತ್ತಾರೆ.

ಡಬ್ಬಿಗಳ ವಿಷಯ. ಖಡಕ್ ರೊಟ್ಟಿ 40 ಇವೆ, ಹಳೇ ಧೋತರದಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ನಡುವೆ ಇಟ್ಟಿದ್ದೇನೆ. ಮೇಲೆ ಭಾರ ಹೇರಬೇಡ, ಪುಡಿ ಆಗುತ್ತವೆ. ಪುಡಿ ಆದರೂ ಚೆಲ್ಲಬೇಡ, ಒಗ್ಗರಣೆ ಹಾಕಿ ತಿನ್ನಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಬೇರೆ ಬೇರೆ ಡಬ್ಬಿಯಲ್ಲಿವೆ. ನಿಮ್ಮ ಅಪ್ಪ ಎರಡು ಕಿಲೋ ತೊಗರಿ ಬೇಳೆ ತುರುಕಿದ್ದಾರೆ, ಅಲ್ಲೂ ಸಿಗುತ್ತದೆ ಅಂದರೆ ಕೇಳಲಿಲ್ಲ, ನಮ್ಮ ಹೊಲದ್ದು ಅಂದರು. ತುಪ್ಪ ಮತ್ತು ಪೇಡೆ ತೆಗೆದಿಟ್ಟೆ. ಹಾಲಿನ ಪದಾರ್ಥ ಇಲ್ಲಿಂದ ಒಯ್ಯಲು ಬಿಡುವುದಿಲ್ಲ. ಚಿಗವ್ವ ಬೇಜಾರು ಮಾಡಿಕೊಂಡಿದ್ದಾಳೆ, ಕಾರು ಹತ್ತುವ ಮುಂಚೆ ಅವಳ ಕೈಯಿಂದ ಒಂದು ಪೇಡೆ ತಿಂದುಬಿಡು.

ಈ ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡುತ್ತಾರಂತೆ. ಆಮೇಲೆ ನಮಗೂ ನಿಮಗೂ ಐದೂವರೆ ಗಂಟೆ ವ್ಯತ್ಯಾಸ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಹೊತ್ತು ಮುಳುಗುತ್ತದಂತೆ. ನಮ್ಮ ಬಿಸಿಲಲ್ಲಿ ಬೆಳೆದವಳಿಗೆ ಅದು ಕಷ್ಟ ಆಗುತ್ತದೆ, ಅದನ್ನೇ ನೆನೆದು ನನಗೆ ಸಂಕಟ. ಕತ್ತಲಾಯಿತು ಅಂತ ಮನೆಯಲ್ಲೇ ಮುದುಡಿ ಕೂರಬೇಡ. ಆ ಹೊತ್ತಿಗೆ ಇಲ್ಲಿ ರಾತ್ರಿ ಒಂಬತ್ತೂವರೆ, ನಾನು ಊಟದ ಪಾತ್ರೆ ತೊಳೆದು ಮುಗಿಸಿರುತ್ತೇನೆ. ಆಗ ಫೋನ್ ಮಾಡು.

ಈಗ ಒಂದೂವರೆ ಆಯಿತು. ಮೂರಕ್ಕೆ ನಿನ್ನನ್ನು ಎಬ್ಬಿಸುತ್ತೇನೆ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಒಂದು ಜಡೆ ಹಾಕುತ್ತೇನೆ, ಬೇಡ ಅನ್ನಬೇಡ. ಈ ಪತ್ರ ಚೀಲದ ಒಳ ಪದರದಲ್ಲಿ, ಪಾಸ್‌ಪೋರ್ಟಿನ ಹಿಂದೆ ಇಡುತ್ತಿದ್ದೇನೆ.

ನಿನ್ನ ಅವ್ವ