ಚಟ ಬಿಡುವ ತನಕ ಬದುಕಿರಬೇಕಲ್ಲ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಮಾದಕದ ಮಾತ್ರೆ ಅತಿಯಾಗಿ ಉಸಿರು ಕಟ್ಟುವವರನ್ನು ಉಳಿಸುವ ಏರ್ಪಾಡು ಮಾಡಿ ಎಂದು ಎರಡು ವರ್ಷದಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ. ಕೈಗೆ ಬಂದದ್ದು ಸ್ವೀಕೃತಿಯ ಮೊಹರು ಮಾತ್ರ. ಅದಕ್ಕೇ ಈ ಸಲ ಚಿಕ್ಕಮಗಳೂರು ಜಿಲ್ಲೆಯವರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ನನ್ನ ತಮ್ಮ ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡವನು. ನೋವಿಗೆಂದು ಶುರುವಾದ ಟಪೆಂಟಡಾಲ್ ಎಂಬ, ಅಫೀಮಿನ ಹಾಗೆ ಅಮಲೇರಿಸುವ ಮಾತ್ರೆ ಚಟವಾಯಿತು. ಆಷಾಢದ ಒಂದು ರಾತ್ರಿ, ಜಡಿಮಳೆ, ಕರೆಂಟಿಲ್ಲ. ಅವನ ಕೋಣೆಯಿಂದ ಗೊರಕೆ ಕೇಳಿಸುತ್ತಿತ್ತು. ಪಾಪ, ಇವತ್ತಾದರೂ ನಿದ್ದೆ ಬಂತಲ್ಲ ಎಂದು ನಾನೇ ಬಾಗಿಲು ಮುಂದೆ ಮಾಡಿದೆ. ಅದು ಗೊರಕೆಯಾಗಿರಲಿಲ್ಲ, ಉಸಿರು ಕಟ್ಟುವ ಸದ್ದು. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ತುಟಿ ನೇರಳೆಹಣ್ಣು ತಿಂದವನ ಹಾಗೆ ಕಪ್ಪಿಟ್ಟಿತ್ತು. 108ಕ್ಕೆ ಕರೆ ಮಾಡಲು ಸಿಗ್ನಲ್ ಹುಡುಕುತ್ತಾ ಮಳೆಯಲ್ಲಿ ದಿಬ್ಬ ಹತ್ತಿದೆ. ಕೊನೆಗೆ ನೆರೆಮನೆಯವರ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರೆ, ಇಂಥ ಮಾತ್ರೆಯಿಂದ ಕಟ್ಟಿದ ಉಸಿರನ್ನು ಮರಳಿಸುವ ಮದ್ದು ನಲೋಕ್ಸೋನ್ ದಾಸ್ತಾನಿಲ್ಲ ಎಂದರು. "ಇಂಥವರಿಗೆಲ್ಲ ಎಲ್ಲಿಂದ ತರುವುದಮ್ಮ?" ಎಂದೂ ಕೇಳಿದರು. ಇಂಥವರು ಎಂದರೆ ಯಾರು ಸ್ವಾಮಿ? ಅವನು ನಮ್ಮಮ್ಮನ ಮಗ. ದಾರಿಯುದ್ದಕ್ಕೂ ನರ್ಸ್ ಒಬ್ಬರು ಉಸಿರು ಕೊಡುವ ಗಾಳಿಚೀಲ ಒತ್ತುತ್ತಾ ದೊಡ್ಡಾಸ್ಪತ್ರೆ ತಲುಪಿಸಿದ್ದರಿಂದ ಉಳಿದ.

ನಾನು ಕೇಳುತ್ತಿರುವುದು ಎರಡೇ. ಇಂಥ ಹೊತ್ತಿನಲ್ಲಿ ಕೂಗಿ ಸಹಾಯ ಕರೆಯುವ, ಕನ್ನಡದಲ್ಲೊಂದು ಮೊಬೈಲ್ ಆ್ಯಪ್. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಲೋಕ್ಸೋನ್.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2020ರಲ್ಲಿ 'ಲೈಫ್‌ಗಾರ್ಡ್' ಎಂಬ ಆ್ಯಪ್ ಬಂತು. ಮಾದಕ ತೆಗೆದುಕೊಳ್ಳುವವನು ಮೊದಲು ಅದರಲ್ಲಿ ಸಮಯ ಹಾಕುತ್ತಾನೆ. ಸಮಯ ಮುಗಿದರೂ ಅವನು ಅದರ ಗುಂಡಿ ಒತ್ತದಿದ್ದರೆ ಫೋನ್ ಕೂಗಿಕೊಳ್ಳುತ್ತದೆ, ಆಗಲೂ ಏಳದಿದ್ದರೆ ತುರ್ತು ಸೇವೆಗೆ ಕರೆ ಹೋಗುತ್ತದೆ. ನಮ್ಮಲ್ಲಿ ನೆಟ್‌ವರ್ಕ್ ಇಲ್ಲದ ಮನೆಯಲ್ಲೂ ಅದು ಕೂಗಬೇಕು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ ಬಾಯಿಗೆ ಉಸಿರು ಕೊಡಿ, ಉಸಿರು ಬಂದ ಮೇಲೆ ಪಕ್ಕಕ್ಕೆ ಮಲಗಿಸಿ ಎಂದು ಕನ್ನಡದಲ್ಲಿ ಹೇಳಬೇಕು. ಅಂದು ನನಗೆ ಅಷ್ಟು ಹೇಳುವವರಿದ್ದರೆ ಸಾಕಾಗಿತ್ತು.

ಇದು ಚಟಕ್ಕೆ ಕುಮ್ಮಕ್ಕು ಎನ್ನಬೇಡಿ, ಕೇಳಿ ಕೇಳಿ ಸಾಕಾಗಿದೆ. ಚಟ ಬಿಡಿಸಲು 14446 ಸಹಾಯವಾಣಿ ಇದೆ, ಒಳ್ಳೆಯದು. ಆದರೆ ಬಿಡುವ ತನಕ ಬದುಕಿರಬೇಕಲ್ಲ? ಚಿಕಿತ್ಸೆಗೆ ತಾನಾಗಿ ಬಂದವನಿಗೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಊರಿನ ಹುಡುಗರಿಗೆ ಗೊತ್ತಿಲ್ಲ. ಪೊಲೀಸರಿಗೆ ಹೆದರಿ ಜೊತೆಗಾರನನ್ನು ಬಿಟ್ಟು ಓಡುತ್ತಾರೆ. ಆ್ಯಪಿನ ಮಾಹಿತಿ ಠಾಣೆಗೆ ಹೋಗುವುದಿಲ್ಲ ಎಂಬ ಭರವಸೆಯೂ ಬೇಕು.

ತಮ್ಮ ಈಗ ಚಿಕಿತ್ಸೆಯಲ್ಲಿದ್ದಾನೆ. ಆದರೂ ರಾತ್ರಿ ಎರಡು ಸಲ ಎದ್ದು ಅವನ ಉಸಿರು ಕೇಳಿಸಿಕೊಂಡು ಬಂದು ಮಲಗುತ್ತೇನೆ. ಆ್ಯಪ್ ಯಾವಾಗ, ನಲೋಕ್ಸೋನ್ ಯಾವಾಗ? ನನಗೆ ಮೊಹರು ಬೇಡ, ದಿನಾಂಕ ಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಕ್ಕ